ಐದು ಎಣಿಸುವಷ್ಟು ನೀರು

ಮೂರರಿಂದ ಐದು ವರ್ಷದ ಇಪ್ಪತ್ತೆರಡು ಮಕ್ಕಳನ್ನು ಕೂರಿಸಿಕೊಂಡು ಭೂಮಿ ಉಳಿಸುವ ಪಾಠ ಮಾಡಿ ನೋಡಿ. ಭೂಮಿ ಉಳಿದೀತು, ಪಾಠ ಮಾಡಿದವರ ಮಾನ ಉಳಿಯುವುದಿಲ್ಲ. ನನ್ನದಂತೂ ವಾರಕ್ಕೊಮ್ಮೆ ಹೋಗುತ್ತಿತ್ತು. ಸೋಮವಾರ ಹೇಳಿಕೊಟ್ಟದ್ದಕ್ಕೆ ಬುಧವಾರ ಯಾರಾದರೊಬ್ಬರ ಅಪ್ಪನೋ ಅಜ್ಜಿಯೋ ಗೇಟಿನ ಹತ್ತಿರ ನಿಂತಿರುತ್ತಿದ್ದರು.

ನಾನು ಕಾಸರಗೋಡು ಕಡೆಯವಳು. ಹತ್ತನೆಯ ಕ್ಲಾಸಿನಲ್ಲಿ ಗಣಿತ ಕೈಕೊಟ್ಟಿತು. ಅದಕ್ಕೆ ಸರಿಯಾಗಿ, ಮೂರನೇ ಪಿರಿಯಡಿಗೇ ಉದ್ದ ಬೆಲ್ಲು ಹೊಡೆದು ಇಡೀ ಶಾಲೆಯನ್ನು ಮನೆಗೆ ಕಳಿಸಿದ ಹಳೇ ಕೇಸೊಂದು ನನ್ನ ಮೇಲಿತ್ತು. ಅಮ್ಮ ನನ್ನನ್ನು ಎರ್ನಾಕುಲಂನಲ್ಲಿದ್ದ ಚಿಕ್ಕಮ್ಮನ ಹತ್ತಿರ ಕಳಿಸಿದಳು. ಚಿಕ್ಕಮ್ಮ ಬಾಡಿಗೆ ಮನೆಯ ಕೆಳಗಿನ ಭಾಗದಲ್ಲಿ ಒಂದು ನರ್ಸರಿ ನಡೆಸುತ್ತಿದ್ದಳು. ಐಟಿ ಪಾರ್ಕಿಗೆ ಹೋಗುವ ಕನ್ನಡದವರ ನಾಲ್ಕೈದು ಮಕ್ಕಳು, ಉಳಿದವರೆಲ್ಲ ಅಲ್ಲಿಯವರೇ. ಕನ್ನಡದ ಮಕ್ಕಳಿಗೂ ನಾನು ಕನ್ನಡದಲ್ಲಿ ಕೇಳಿದರೆ ಉತ್ತರ ಬರುತ್ತಿದ್ದುದು ಮಲಯಾಳದಲ್ಲಿ. ಮೂಗು ಒರೆಸುವುದು, ಚಪ್ಪಲಿ ಜೋಡಿಸಿಡುವುದು ನನ್ನ ಕೆಲಸ. ಮಕ್ಕಳು ನನ್ನನ್ನು ಚೇಚಿ ಅನ್ನುತ್ತಿದ್ದರು, ಅಂದರೆ ಅಕ್ಕ.

ಅಷ್ಟರಲ್ಲಿ ಪರಿಸರ ಪಾಠದ ಟೀಚರು ಮದುವೆಯಾಗಿ ಗಲ್ಫಿಗೆ ಹೋದರು. ನರ್ಸರಿಗೆ ಬೆಂಬಲ ಕೊಡುತ್ತಿದ್ದುದು ತಿರುವನಂತಪುರದ ಒಂದು ಟ್ರಸ್ಟು. ಅದನ್ನು ನೋಡಿಕೊಳ್ಳುವ ಮೇಡಂ ಬಲು ಕಟ್ಟುನಿಟ್ಟು: ಹತ್ತನೆಯದು ಪಾಸಾಗದವರು ಪಾಠ ಮಾಡುವಂತಿಲ್ಲ. ಚಿಕ್ಕಮ್ಮ ಫೋನು ಮಾಡಿ ಬೇಡಿಕೊಂಡಳು. "ಮೂರು ತಿಂಗಳು ನೋಡುವಾ," ಎಂದರಂತೆ ಮೇಡಂ. "ಆಮೇಲೆ ಐದು ಮಕ್ಕಳನ್ನು ಇಲ್ಲಿನ ಸಭೆಗೆ ಕರಕೊಂಡು ಬನ್ನಿ. ಬಾಯಿಪಾಠ ಬೇಡ. ಒಂದಾದರೂ ಅಭ್ಯಾಸ ನಿಜವಾಗಿ ಬದಲಾಗಿದ್ದರೆ ಹುಡುಗಿ ಇರಲಿ. ಇಲ್ಲದಿದ್ದರೆ ಊರಿಗೆ ಕಳಿಸಿ ಬೇರೆಯವರನ್ನು ಇಟ್ಟುಕೊಳ್ಳಿ."

ಊರಲ್ಲಿ ಸೋದರಮಾವನ ಟ್ಯುಟೋರಿಯಲ್ಲು ನನಗಾಗಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ನಾನು ಹೋಗುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಭೂಮಿಯ ಮೇಲಿನ ಪ್ರೀತಿ ನನಗೆ ಆಮೇಲೆ ಬಂದದ್ದು. ಮೊದಲು ಬಂದದ್ದು ಮಾವನ ಹೆದರಿಕೆ.

1. ಮೊಮ್ಮಕ್ಕಳ ನೀರು

ಟ್ರಸ್ಟಿನವರು ಕಳಿಸಿದ ಇಂಗ್ಲಿಷ್ ಪುಸ್ತಕದಲ್ಲಿ ಮೊದಲ ಪಾಠವೇ ಮುಂದಿನ ತಲೆಮಾರಿಗೆ ನೀರು ಉಳಿಸುವುದು. ತಲೆಮಾರು ಎಂದರೆ ಮೂರು ವರ್ಷದ ಮಗುವಿಗೆ ಎಂತ ಗೊತ್ತಾಗಬೇಕು? ನಾನು ಸುಲಭ ಮಾಡಿ ಹೇಳಿದೆ: "ನಾಳೆ ನಿಮಗೆ ಮಕ್ಕಳಾಗ್ತವೆ ಅಲ್ವಾ, ಅವಕ್ಕೆ ಕುಡಿಯಲಿಕ್ಕೆ ನೀರು ಬೇಡವಾ?"

ಒಬ್ಬ ಅಳಲಿಕ್ಕೆ ಶುರುಮಾಡಿದ. ಅವನಿಗೆ ಮಕ್ಕಳು ಬೇಡವಂತೆ, ನಾಯಿಮರಿ ಸಾಕಂತೆ. ಅವನನ್ನು ಸಮಾಧಾನ ಮಾಡುವುದರಲ್ಲೇ ಪಿರಿಯಡ್ಡು ಮುಗಿಯಿತು. ಉಳಿದವರು ಸುಮ್ಮನೆ ಕೂತಿದ್ದರು. ಸುಮ್ಮನೆ ಕೂತ ಮಕ್ಕಳಿಗೆ ಪಾಠ ತಲೆಗೆ ಹೋಗಿರುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮೈಸೂರು ಕಡೆಯ ದಂಪತಿಯ ಮಗಳೊಬ್ಬಳಿದ್ದಳು, ನಾಲ್ಕು ವರ್ಷ. ಅವಳು ಮನೆಗೆ ಹೋಗಿ ಸಿಕ್ಕಿದ ಲೋಟ, ಡಬ್ಬಿ, ಆಟದ ಕೊಡ ಎಲ್ಲದರಲ್ಲೂ ನೀರು ತುಂಬಿಸಿ ಮಂಚದ ಕೆಳಗೆ ಸಾಲಾಗಿ ಇಟ್ಟಿದ್ದಾಳೆ. ಯಾರಿಗೂ ಹೇಳಿಲ್ಲ. ಅದು ಎರ್ನಾಕುಲಂ ತುಂಬ ಚಿಕುನ್‌ಗುನ್ಯಾ ಹಬ್ಬಿದ್ದ ಕಾಲ. ನಿಂತ ನೀರು ಹುಡುಕಿಕೊಂಡು ಆರೋಗ್ಯ ಇಲಾಖೆಯವರು ಮನೆಮನೆಗೆ ಬರುತ್ತಿದ್ದರು. ಅವಳ ಅಪ್ಪ ಬಾಗಿಲಲ್ಲಿ ನಿಂತು, "ನಮ್ಮದು ಕ್ಲೀನು, ಬೇಕಾದರೆ ಒಳಗೆ ಬಂದು ನೋಡಿ," ಎಂದು ಎದೆಯುಬ್ಬಿಸಿ ಕರೆದಿದ್ದಾರೆ. ಬಂದವರು ಮಂಚದ ಕೆಳಗೆ ಟಾರ್ಚು ಹಾಕಿದ್ದಾರೆ.

ಮರುದಿನ ಅಪ್ಪ ನರ್ಸರಿಗೆ ಬಂದರು. ಕುತ್ತಿಗೆಯಲ್ಲಿ ಕಂಪನಿಯ ಐಡಿ ಕಾರ್ಡು, ಕೈಯಲ್ಲೊಂದು ಗಾಜಿನ ಬಾಟ್ಲಿ. ಬಾಟ್ಲಿಯ ಒಳಗೆ ಎಂತದೋ ಪುಳಪುಳ ಓಡಾಡುತ್ತಿತ್ತು.

"ಏನಮ್ಮ, ಇದನ್ನ ಹೇಳಿಕೊಟ್ಟಿದ್ದು ನೀನೇನಾ?"

"ನೀರು ಉಳಿಸಲಿಕ್ಕೆ ಹೇಳಿದ್ದು ಸರ್."

"ನನ್ನ ಮೊಮ್ಮಕ್ಕಳಿಗೆ ಅಂತ ಇಟ್ಟಿದ್ದಳಂತೆ. ಸೊಳ್ಳೆ ಆಗಲೇ ಮೊಮ್ಮಕ್ಕಳನ್ನ ನೋಡಿಬಿಟ್ಟಿದೆ ನೋಡು."

2. ಕೆಂಪು ದೀಪ

ನೀರು ಕೈಕೊಟ್ಟ ಮೇಲೆ ಕರೆಂಟು ಹಿಡಿದೆ. ಈ ಸಲ ತಲೆಮಾರಿನ ಸಹವಾಸ ಬೇಡ, ಕಣ್ಣಿಗೆ ಕಾಣುವುದನ್ನೇ ಹೇಳುವಾ ಎಂದುಕೊಂಡೆ. ಟಿವಿಯನ್ನು ರಿಮೋಟಿನಲ್ಲಿ ಆಫ್ ಮಾಡಿದರೂ ಒಂದು ಸಣ್ಣ ಕೆಂಪು ದೀಪ ಉರಿಯುತ್ತಿರುತ್ತದೆ. ಅದು ಕಳ್ಳ, ಯಾರೂ ನೋಡದಾಗ ಕರೆಂಟು ತಿನ್ನುತ್ತಾನೆ, ಹಗಲು ಹೊತ್ತು ಕೆಂಪು ದೀಪ ಕಂಡರೆ ದೊಡ್ಡವರಿಗೆ ಹೇಳಿ ಸ್ವಿಚ್ಚು ಆರಿಸಬೇಕು ಎಂದೆ. ಕಳ್ಳ ಎಂದ ಕೂಡಲೇ ಇಪ್ಪತ್ತೆರಡು ಪೊಲೀಸರು ತಯಾರಾದರು. 'ದೊಡ್ಡವರಿಗೆ ಹೇಳಿ' ಎಂಬ ಭಾಗ ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಮೊದಲ ನಾಲ್ಕು ದಿನ ಹೊಗಳಿಕೆಯೇ. ತಾಯಂದಿರು ಬಂದು, "ಮಗು ಎಷ್ಟು ಜೋರಾಗಿದೆ," ಎಂದರು. ಚಿಕ್ಕಮ್ಮ ನನ್ನ ತಟ್ಟೆಗೆ ಒಂದು ಮೀನು ಹೆಚ್ಚು ಹಾಕಿದಳು. ಐದನೆಯ ದಿನ ಒಬ್ಬ ಹುಡುಗನ ಅಮ್ಮಚ್ಚಿ, ಅಂದರೆ ಅಜ್ಜಿ, ಬಿಳೀ ದೊಗಲೆ ರವಿಕೆ, ಬಿಳೀ ಮುಂಡು ಉಟ್ಟು, ಕೈಯಲ್ಲಿ ಜಪಮಾಲೆ ಹಿಡಿದು ಆಟೋದಲ್ಲಿ ಬಂದಿಳಿದರು.

ಅವರ ಮನೆಯ ಹಜಾರದಲ್ಲಿ ಯೇಸುವಿನ, ಅವರ ಮಾತಿನಲ್ಲಿ ಈಶೋನ, ಪಟ. ಪಟದ ಮುಂದೆ ಒಂದು ಕೆಂಪು ಬಲ್ಬು. ಅಲ್ಲಿನ ಕ್ರಿಶ್ಚಿಯನ್ನರ ಮನೆಗಳಲ್ಲಿ ಅದು ಹಗಲಿರುಳೂ ಉರಿಯುತ್ತದೆ. ಅಮ್ಮಚ್ಚಿ ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಕರೆಂಟು ಹೋದಾಗ ಬಿಟ್ಟರೆ ಅದು ಆರಿದ್ದೇ ಇಲ್ಲವಂತೆ. ಈಗ ನಾಲ್ಕು ದಿನದಿಂದ ಬೆಳಿಗ್ಗೆ ಎದ್ದು ನೋಡಿದರೆ ಉರಿಯುತ್ತದೆ, ಪ್ರಾರ್ಥನೆ ಮುಗಿಸಿ ಅಡಿಗೆಮನೆಗೆ ಹೋಗಿ ಬಂದರೆ ಆರಿರುತ್ತದೆ. ಬಲ್ಬು ಬದಲಾಯಿಸಿದರು. ವಯರಿನವನನ್ನು ಕರೆಸಿದರು. ಎಲ್ಲ ಸರಿಯಿದೆ ಎಂದ. ಎಲ್ಲ ಸರಿಯಿದ್ದೂ ಆರುತ್ತದೆ ಎಂದರೆ ತನ್ನಿಂದಲೇ ಎಂತದೋ ತಪ್ಪಾಗಿದೆ ಎಂದು ಅಮ್ಮಚ್ಚಿ ಒಂದು ಹೊತ್ತಿನ ಊಟ ಬಿಟ್ಟರು. ಸೊಸೆಯ ಹತ್ತಿರ ಎರಡು ವರ್ಷದಿಂದ ಮಾತು ಬಿಟ್ಟಿದ್ದರಂತೆ, ಅದನ್ನೂ ಶುರುಮಾಡಿದರು. ಆದರೂ ದೀಪ ಆರಿತು. ಕೊನೆಗೆ ಮೊಮ್ಮಗ ಸ್ಟೂಲು ಎಳೆದುಕೊಂಡು ಸ್ವಿಚ್ಚಿನ ಹತ್ತಿರ ಹೋಗುವುದು ಕಣ್ಣಿಗೆ ಬಿತ್ತು.

"ಸೊಸೆ ಹತ್ತಿರ ಮಾತಾಡಿದ್ದನ್ನು ಈಗ ವಾಪಸು ತಗೊಳ್ಳಲಿಕ್ಕೆ ಆಗ್ತದಾ?" ಎಂದು ಅಮ್ಮಚ್ಚಿ ನನ್ನನ್ನು ಕೇಳಿದರು. ನಾನು ತಲೆ ತಗ್ಗಿಸಿ ಹುಡುಗನನ್ನು ಕರೆದೆ. "ಮೋನೇ, ಮಗಾ, ಪಟದ ದೀಪ ಕಳ್ಳ ಅಲ್ಲ, ಅದನ್ನು ಆರಿಸಬಾರದು," ಎಂದೆ.

ಅವನು ನನ್ನನ್ನೂ ಅಮ್ಮಚ್ಚಿಯನ್ನೂ ನೋಡಿ, ಇಬ್ಬರಿಗೂ ಬುದ್ಧಿ ಕಮ್ಮಿ ಎಂಬ ಹಾಗೆ ಹೇಳಿದ: "ಹಗಲು ಹೊತ್ತು ಈಶೋಗೆ ಕಣ್ಣು ಕಾಣ್ತದಲ್ಲ."

3. ಹೂತಿಟ್ಟದ್ದು

ಇದರಲ್ಲಿ ತಪ್ಪು ನನ್ನದೇ. ಒಪ್ಪಿಕೊಳ್ಳುತ್ತೇನೆ.

ಯಾವುದು ಮಣ್ಣಾಗುತ್ತದೆ, ಯಾವುದು ಆಗುವುದಿಲ್ಲ ಎಂದು ಮಕ್ಕಳಿಗೆ ತೋರಿಸಬೇಕಿತ್ತು. ಹಿತ್ತಲಲ್ಲಿ ಸಾಲಾಗಿ ಗುಂಡಿ ತೋಡಿದೆವು. ಒಂದರಲ್ಲಿ ಬಾಳೆಹಣ್ಣಿನ ಸಿಪ್ಪೆ, ಒಂದರಲ್ಲಿ ಹಲಸಿನ ಎಲೆ, ಒಂದರಲ್ಲಿ ಹಾಲಿನ ಪ್ಯಾಕೆಟ್ಟು. ಕೊನೆಯ ಗುಂಡಿಗೆ ಕಾಗದ ಬೇಕಿತ್ತು. ಹಳೇ ಪೇಪರು ಹುಡುಕಲಿಕ್ಕೆ ಒಳಗೆ ಹೋದವಳಿಗೆ ಕಪಾಟಿನ ಮೇಲೆ ಮಾವ ಕಳಿಸಿದ ಗಣಿತದ ಗೈಡು ಕಂಡಿತು. ಕಂಡದ್ದೇ, ಕೈ ತಾನಾಗಿ ಹೋಯಿತು.

ಮಕ್ಕಳು ಬಲು ಶ್ರದ್ಧೆಯಿಂದ ಮಣ್ಣು ಮುಚ್ಚಿದರು. ಒಬ್ಬಳು ಗೈಡಿನ ಗುಂಡಿಯ ಮೇಲೆ ದಾಸವಾಳ ಇಟ್ಟು ಕೈಮುಗಿದಳು. ನಾನೂ ಮುಗಿದೆ. ಮೂರು ವಾರ ದಿನಾ ನೀರು ಹಾಕಿದೆ. ಎರೆಹುಳ ಹುಡುಕಿ ತಂದು ಅದೇ ಗುಂಡಿಗೆ ಬಿಟ್ಟೆ. "ಆ ಗುಂಡಿ ಒಂದರ ಮೇಲೆ ಎಂತ ಅಷ್ಟು ಕಾಳಜಿ ಮಾರಾಯ್ತಿ?" ಎಂದು ಚಿಕ್ಕಮ್ಮ ಕೇಳಿದಳು. "ಕಾಗದ ಕರಗಲಿಕ್ಕೆ ಸ್ವಲ್ಪ ಕಷ್ಟ ಚಿಕ್ಕಮ್ಮ," ಎಂದೆ.

ಅಗೆಯುವ ದಿನ ಚಿಕ್ಕಮ್ಮ ತಾನೇ ಬಂದು ಕುರ್ಚಿ ಹಾಕಿ ಕೂತಳು. ಬಾಳೆಸಿಪ್ಪೆ ಇರಲೇ ಇಲ್ಲ. ಹಲಸಿನ ಎಲೆ ಬರೀ ನಾರು. ಹಾಲಿನ ಪ್ಯಾಕೆಟ್ಟು ಹಾಗೆಯೇ ಇತ್ತು. ಕೊನೆಯ ಗುಂಡಿ ಅಗೆದ ಹುಡುಗ ಗೈಡನ್ನು ಎರಡು ಕೈಯಲ್ಲಿ ಎತ್ತಿ ಹಿಡಿದ. ಒಂದು ಮೂಲೆಯೂ ಮಡಚಿರಲಿಲ್ಲ. ಒರೆಸಿದ್ದೇ ಹೊಸದರ ಹಾಗೆ ಹೊಳೆಯಿತು.

ಚಿಕ್ಕಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಂಗಡಿಯವನು ಹಾಕಿದ ಕವರನ್ನೇ ನೀನು ಬಿಚ್ಚಿಲ್ಲವಲ್ಲಾ," ಎಂದಳು.

ಪ್ಲಾಸ್ಟಿಕ್ಕು ಮನುಷ್ಯನಿಗೆ ಎಷ್ಟು ದೊಡ್ಡ ಶತ್ರು ಎಂದು ಅವತ್ತು ಮಕ್ಕಳಿಗಿಂತ ಚೆನ್ನಾಗಿ ನನಗೆ ಅರ್ಥವಾಯಿತು.

4. ಉಪ್ಪಿಟ್ಟಿನ ಹರತಾಳ

ಎರಡು ತಿಂಗಳಾಯಿತು. ತಿರುವನಂತಪುರಕ್ಕೆ ಆಗಲೇ ಮೂರು ದೂರು ಹೋಗಿದ್ದವು. ಚಿಕ್ಕಮ್ಮ ಫೋನು ಇಟ್ಟವಳೇ, "ನೀನು ಬ್ಯಾಗು ತುಂಬಿಸಿಡುದು ಒಳ್ಳೆದು," ಎಂದಳು. ನಾನು ಬ್ಯಾಗು ತುಂಬಿಸಲಿಲ್ಲ. ಊಟ ಚೆಲ್ಲುವುದನ್ನು ಹಿಡಿದುಕೊಂಡೆ.

ನರ್ಸರಿಯಲ್ಲಿ ದಿನಾ ಬಕೆಟ್ಟಿನಲ್ಲಿ ಕಾಲು ಭಾಗ ಅನ್ನ ಹೋಗುತ್ತಿತ್ತು. ನಾನು ಒಂದೇ ನಿಯಮ ಮಾಡಿದೆ: ತಟ್ಟೆಗೆ ಬಿದ್ದದ್ದನ್ನು ಬಿಡಬಾರದು, ಬೇಡದಿದ್ದರೆ ಬಡಿಸುವ ಮೊದಲೇ ಬೇಡ ಎನ್ನಬೇಕು. ಅನ್ನಕ್ಕೆ ಇದು ಚೆನ್ನಾಗಿ ನಡೆಯಿತು. ಮೂರೇ ದಿನದಲ್ಲಿ ಬಕೆಟ್ಟು ಖಾಲಿ. ಆಮೇಲೆ ಮಂಗಳವಾರ ಬಂತು. ಮಂಗಳವಾರ ಉಪ್ಪಿಟ್ಟು.

ಚಿಕ್ಕಮ್ಮ ಪಾತ್ರೆ ಹಿಡಿದು ಬಂದಳು. ಮೊದಲನೆಯ ಮಗು, "ಬೇಡ," ಎಂದಿತು. ಎರಡನೆಯದೂ ಬೇಡ ಎಂದಿತು. ಇಪ್ಪತ್ತೆರಡೂ ಬೇಡ ಎಂದವು. ಸಾಲಿನ ಕೊನೆಯಲ್ಲಿದ್ದವನ ಅಪ್ಪ ಅಂಬಲಮುಗಳ್ ಕಡೆ ಒಂದು ಕಾರ್ಖಾನೆಯಲ್ಲಿ ಯೂನಿಯನ್ ಮುಖಂಡ. ಐದು ವರ್ಷದ ಆ ಹುಡುಗ ಎದ್ದು ನಿಂತು ತಟ್ಟೆಗೆ ಚಮಚದಿಂದ ಬಾರಿಸಿದ. "ಉಪ್ಪುಮಾವು!" ಎಂದು ಕೂಗಿದ. "ಬೇಡ ಬೇಡ!" ಎಂದಿತು ಸಾಲು. ಮಲಯಾಳಿ ಮಕ್ಕಳಿಗೆ ಜಾಥಾ ಹೊರಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕ್ಷಣದಲ್ಲಿ ಇಬ್ಬಿಬ್ಬರ ಸಾಲಾಗಿ ಅಡಿಗೆಮನೆಗೆ ಸುತ್ತು ಬರಲಿಕ್ಕೆ ಶುರುಮಾಡಿದರು. ಮೂರನೆಯ ಸುತ್ತಿಗೆ ಕೆಲವರು ಘೋಷಣೆ ಮರೆತು ಜನಗಣಮನ ಹಾಡುತ್ತಿದ್ದರು, ಆದರೆ ಸಾಲು ಮುರಿಯಲಿಲ್ಲ.

"ನಿನ್ನ ನಿಯಮ ಅಲ್ವಾ, ನೀನೇ ಸರಿಮಾಡು," ಎಂದು ಚಿಕ್ಕಮ್ಮ ಪಾತ್ರೆಯನ್ನು ನನ್ನ ಮುಂದೆ ಇಟ್ಟಳು.

ನಾನು ನೆಲದ ಮೇಲೆ ಕೂತು ಮುಖಂಡನ ಜೊತೆ ಮಾತುಕತೆ ನಡೆಸಿದೆ. ಅವನು ಸುಲಭಕ್ಕೆ ಬಗ್ಗಲಿಲ್ಲ. ಮೆಣಸಿನಕಾಯಿ ತೆಗೆಯಬೇಕು, ಜೊತೆಗೆ ಬಾಳೆಹಣ್ಣು ಬೇಕು, ಹಣ್ಣು ಕಿವುಚಿ ಕೊಡಬೇಕು. ಒಪ್ಪಿದೆ. ಅವತ್ತಿನ ಪಾತ್ರೆಯನ್ನು ಚೆಲ್ಲುವ ಹಾಗಿರಲಿಲ್ಲ, ಮಕ್ಕಳು ನೋಡುತ್ತಿದ್ದರು. ಎರಡು ದಿನ ಮೂರು ಹೊತ್ತೂ ನಾನು ಉಪ್ಪಿಟ್ಟೇ ತಿಂದೆ. ಆದರೆ ಆಮೇಲಿನ ಮಂಗಳವಾರಗಳಲ್ಲಿ ಒಂದು ಚಮಚವೂ ಬಕೆಟ್ಟಿಗೆ ಹೋಗಲಿಲ್ಲ.

ಹರತಾಳದ ದಿನ ಸಂಜೆ ಹುಡುಗನನ್ನು ಕರೆದೊಯ್ಯಲು ಅಪ್ಪ ಬಂದರು. ಈ ದೂರೂ ತಿರುವನಂತಪುರಕ್ಕೆ ಹೋದೀತೆಂದು ಹೆದರಿ ನಾನೇ ನಡೆದದ್ದೆಲ್ಲ ಹೇಳಿ, ಎಲ್ಲ ಒಪ್ಪಂದವಾಗಿ ಮುಗಿದಿದೆ ಎಂದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು. ಆಮೇಲೆ ಮಗನ ಕಡೆ ತಿರುಗಿ, "ಬರಹದಲ್ಲಿ ತಗೊಂಡಿದ್ದೀಯಾ?" ಎಂದರು.

5. ತಿರುವನಂತಪುರ

ಮೂರು ತಿಂಗಳು ಮುಗಿಯಿತು. ಐದು ಮಕ್ಕಳು, ಇಬ್ಬರು ತಾಯಂದಿರು, ಚಿಕ್ಕಮ್ಮ ಮತ್ತು ನಾನು ಬೆಳಿಗ್ಗಿನ ರೈಲು ಹತ್ತಿದೆವು. ಐವರಲ್ಲಿ ತೀರ ಸಣ್ಣವನು ಮೂರೂವರೆ ವರ್ಷದವನು. ಅಪ್ಪ ಶಿವಮೊಗ್ಗದವರು, ಅಮ್ಮ ಆಲಪ್ಪುಳದವರು. ಮೂರು ತಿಂಗಳಲ್ಲಿ ಕ್ಲಾಸಿನಲ್ಲಿ ಒಂದು ಶಬ್ದ ಮಾತಾಡಿರಲಿಲ್ಲ, ಯಾವ ಭಾಷೆಯಲ್ಲೂ. ಜೊತೆಗೆ ಬರಲು ಅವನ ಅಮ್ಮನಿಗೆ ರಜೆ ಸಿಕ್ಕಿತು, ಅದಕ್ಕೆ ಅವನನ್ನು ಸೇರಿಸಿದ್ದು.

ಸಭಾಂಗಣಕ್ಕೆ ಕಾಲಿಟ್ಟದ್ದೇ ನನ್ನ ಧೈರ್ಯ ಉಡುಗಿತು. ಬೇರೆ ನರ್ಸರಿಯ ಮಕ್ಕಳು ಮರ, ಮೋಡ, ಮೀನು, ಸೂರ್ಯ ಆಗಿ ಬಂದಿದ್ದರು. ಒಂದು ಮರಕ್ಕೆ ಸೆಕೆಗೆ ವಾಂತಿಯಾಗಿ ಅಮ್ಮನ ಮಡಿಲಲ್ಲಿ ಮಲಗಿತ್ತು. ನಮ್ಮವರು ದಿನದ ಅಂಗಿ ಚಡ್ಡಿಯಲ್ಲೇ ಇದ್ದರು. ನಮ್ಮ ಸರದಿ ಬಂದಾಗ ಐವರೂ ವೇದಿಕೆ ಹತ್ತಿದರು. ಒಬ್ಬ ಕಿರುಬೆರಳು ಎತ್ತಿದ. ಉಳಿದವರೂ ಎತ್ತಿದರು. ಐವರೂ ಇಳಿದು ಹೋದರು. ಅಲ್ಲಿಗೆ ನಮ್ಮ ಕಾರ್ಯಕ್ರಮ ಮುಗಿಯಿತು. ಜನ ಚಪ್ಪಾಳೆಯನ್ನೂ ಹೊಡೆದರು.

ಮುಂದಿನ ಸಾಲಿನಲ್ಲಿ ಮೇಡಂ ಕೂತಿದ್ದರು. ನಗಲಿಲ್ಲ. ಪುಸ್ತಕದಲ್ಲಿ ಎಂತದೋ ಬರೆದುಕೊಂಡರು. "ಸಂಜೆಯ ಮಲಬಾರ್ ರೈಲಿಗೇ ನಿನಗೆ ಊರಿಗೆ ಟಿಕೆಟು ಮಾಡಿಸುವಾ," ಎಂದಳು ಚಿಕ್ಕಮ್ಮ. ಅವಳ ಕಣ್ಣೂ ಒದ್ದೆಯಾಗಿತ್ತು.

ಊಟವಾದ ಮೇಲೆ ಮೇಡಂ ವರಾಂಡದ ನಲ್ಲಿಯ ಹತ್ತಿರ ಹೋದರು. ಅದೇ ಹೊತ್ತಿಗೆ ನಮ್ಮ ಸಣ್ಣವನೂ ಕೈ ತೊಳೆಯಲು ಅಲ್ಲಿಗೆ ಹೋಗಿದ್ದ.

ಇಲ್ಲಿ, ಪಾಠದ ಹೊರಗೆ ನಾನು ನರ್ಸರಿಯಲ್ಲಿ ರೂಢಿ ಮಾಡಿಸಿದ್ದ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ನೀರು ಬರುತ್ತಿದ್ದುದು ಟ್ಯಾಂಕರಿನಲ್ಲಿ. ಹಾಗಾಗಿ ನಲ್ಲಿ ತಿರುಗಿಸಿದ ಮೇಲೆ ಬೆರಳು ಮಡಚುತ್ತ ಐದು ಎಣಿಸಬೇಕು, ಐದಕ್ಕೆ ನಿಲ್ಲಿಸಬೇಕು. ಪಕ್ಕದವನು ಮರೆತರೆ ನೀವು ನಿಲ್ಲಿಸಬೇಕು. ಅದು ಯಾರೇ ಆಗಿರಲಿ. ಚಿಕ್ಕಮ್ಮನ ನಲ್ಲಿಯನ್ನೂ ಎಷ್ಟೋ ಸಲ ಮಕ್ಕಳು ನಿಲ್ಲಿಸಿದ್ದರು.

ಮೇಡಂ ಕನ್ನಡಕ ತೆಗೆದಿಟ್ಟು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದರು. ಕಣ್ಣು ಮುಚ್ಚಿ ನಲ್ಲಿ ತಿರುಗಿಸಿದರು. ಸಣ್ಣವನು ಪಕ್ಕದ ಕಟ್ಟೆ ಹತ್ತಿ, ಐದು ಬೆರಳು ಮಡಚಿ, ನಲ್ಲಿ ನಿಲ್ಲಿಸಿದ. ಮೇಡಂ ತಡಕಾಡಿ ಮತ್ತೆ ತಿರುಗಿಸಿದರು. ಅವನು ಮತ್ತೆ ಐದು ಮಡಚಿ ನಿಲ್ಲಿಸಿದ.

"ಇದೆಂತ, ನೀರು ಹೋಯಿತಾ?" ಎಂದು ಮೇಡಂ ಕಣ್ಣು ಮುಚ್ಚಿಕೊಂಡೇ ಕೂಗಿದರು. ಸಭಾಂಗಣದ ಕಾವಲಿನವನು ಟ್ಯಾಂಕು ನೋಡಲು ತಾರಸಿಗೆ ಓಡಿದ. ಮೇಲಿನಿಂದ, "ಟ್ಯಾಂಕು ತುಂಬಾ ಉಂಟು ಮೇಡಂ," ಎಂದು ಕೂಗಿದ. ಅಷ್ಟರಲ್ಲಿ ಮೂರನೆಯ ಸಲವೂ ನೀರು ನಿಂತಿತು. "ಇಲ್ಲಿ ಎಲ್ಲಿ ಉಂಟು?" ಎಂದರು ಮೇಡಂ. ಸೋಪು ಕಣ್ಣಿಗೆ ಇಳಿಯಿತು.

ನಾನು ಓಡಿದೆ. ಅರ್ಧ ದಾರಿಯಲ್ಲಿ ನಿಂತೆ. ಈಗ ಹೋಗಿ ಅವನ ಕೈ ಹಿಡಿದು ಎಳೆದರೆ ಮೇಡಂಗೆ ಸಮಾಧಾನವಾದೀತು. ಆದರೆ ದೊಡ್ಡವರಿಗೆ ಈ ನಿಯಮ ಇಲ್ಲ ಎಂದು ಅವನು ಕಲಿತುಬಿಡುತ್ತಾನೆ. ಮೂರು ತಿಂಗಳಲ್ಲಿ ನಾನು ಕಲಿಸಿದ್ದು ಎಂತ ಹಾಗಾದರೆ? ಟ್ಯುಟೋರಿಯಲ್ಲಿಗೆ ಹೋಗುವುದಾದರೆ ಹೋಗುವಾ ಎಂದು ನಿಂತಲ್ಲೇ ಕಾಲೂರಿದೆ.

ಮೇಡಂ ಕಷ್ಟಪಟ್ಟು ಒಂದು ಕಣ್ಣು ಬಿಟ್ಟರು. ಎದುರಿಗೆ ಮಡಚಿದ ಪುಟ್ಟ ಮುಷ್ಟಿ ಕಂಡಿತು.

"ಐದಾಯ್ತು," ಎಂದ ಅವನು. ಮೂರು ತಿಂಗಳಲ್ಲಿ ನಮ್ಮೆದುರು ಅವನ ಮೊದಲ ಮಾತು ಅದು, ಅದೂ ಕನ್ನಡದಲ್ಲಿ. ಅವನ ಅಮ್ಮ ಕೈಯಲ್ಲಿದ್ದ ಟವೆಲ್ಲು ಕೆಳಗೆ ಹಾಕಿದಳು.

ಮೇಡಂ ಒಂದೇ ಕಣ್ಣಿನಲ್ಲಿ ನನ್ನ ಕಡೆ ನೋಡಿದರು. "ಇದು ನೀನು ಕಲಿಸಿದ್ದಾ? ನಲ್ಲಿ ಬಿಡಲಿಕ್ಕೆ ಹೇಳು ಇವನಿಗೆ. ಕಣ್ಣು ಉರಿಯುತ್ತದೆ."

"ನಾನು ಹೇಳಿದರೆ ನಾಳೆಯಿಂದ ಅವನು ನಿಲ್ಲಿಸುವುದಿಲ್ಲ ಮೇಡಂ. ನೀವೇ ಕೇಳಿ."

ನನ್ನ ಹಿಂದೆ ಚಿಕ್ಕಮ್ಮ, "ಅಯ್ಯೋ ದೇವರೇ," ಎಂದದ್ದು ಕೇಳಿಸಿತು. ಸೋಪಿನ ನೊರೆ ಗಲ್ಲದಿಂದ ಸೀರೆಗೆ ತೊಟ್ಟಿಕ್ಕುತ್ತಿತ್ತು. ಮೇಡಂ ಬಗ್ಗಿ ಕೇಳಿದರು, "ಮೋನೇ, ಇನ್ನೊಂದು ಐದು ಕೊಡ್ತೀಯಾ?"

ಅವನು ಯೋಚಿಸಿದ. ಆಮೇಲೆ ತಾನೇ ನಲ್ಲಿ ತಿರುಗಿಸಿದ. ಒಂದೊಂದೇ ಬೆರಳನ್ನು ಆದಷ್ಟು ನಿಧಾನಕ್ಕೆ ಮಡಚಿದ. ಮೇಡಂ ಗಡಿಬಿಡಿಯಲ್ಲಿ ಮುಖ, ಕೈ, ಮೊಣಕೈ ಎಲ್ಲ ತೊಳೆದು ಮುಗಿಸಿದರು. ಐದಕ್ಕೆ ಸರಿಯಾಗಿ ನೀರು ನಿಂತಿತು.

ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಮೇಡಂ ಚಿಕ್ಕಮ್ಮನನ್ನು ಕರೆದರು. "ನೀರು ಉಳಿಸುವುದರ ಬಗ್ಗೆ ನಾನು ಎಷ್ಟು ಭಾಷಣ ಮಾಡಿದ್ದೇನೆ ಅಂತ ನನಗೇ ಲೆಕ್ಕ ಇಲ್ಲ. ಇಷ್ಟು ಕಮ್ಮಿ ನೀರಿನಲ್ಲಿ ಮುಖ ತೊಳೆದದ್ದು ಇವತ್ತೇ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಗಣಿತ ಬರೆಯಲೇಬೇಕು. ಎರ್ನಾಕುಲಂನಲ್ಲಿ ಇದ್ದುಕೊಂಡೇ ಬರಿ. ಪಾಠ ಬಿಡುವುದು ಬೇಡ," ಎಂದು ಕಾಗದ ತೆಗೆದು ಅಲ್ಲೇ ಬರೆದು ಸಹಿ ಹಾಕಿದರು. ಚಿಕ್ಕಮ್ಮ ಅದನ್ನು ಮಡಚಿ ರವಿಕೆಯೊಳಗೆ ಭದ್ರ ಮಾಡಿದಳು. ನನಗೆ ಓದಲಿಕ್ಕೂ ಕೊಡಲಿಲ್ಲ.

ಸಹಿ ಮಾಡುವಾಗ ಪೆನ್ನು ಸೋರಿ ಮೇಡಂನ ಬೆರಳಿಗೆಲ್ಲ ಶಾಯಿಯಾಗಿತ್ತು. ಅವರು ಎದ್ದು ವರಾಂಡದ ಕಡೆ ಹೊರಟರು. ನಮ್ಮ ಸಣ್ಣವನು ಅಮ್ಮನ ಮಡಿಲಿನಿಂದ ಇಳಿದು, ಚಡ್ಡಿ ಮೇಲೆಳೆದುಕೊಂಡು, ಹಿಂದೆಯೇ ಹೊರಟ.

ಮೇಡಂ ಬಾಗಿಲಲ್ಲಿ ನಿಂತು ಅವನನ್ನು ನೋಡಿದರು. ನಲ್ಲಿಯನ್ನು ನೋಡಿದರು. ಕೈಯನ್ನು ಸೆರಗಿಗೆ ಒರೆಸಿಕೊಂಡು, ವಾಪಸು ಬಂದು ಕುರ್ಚಿಯಲ್ಲಿ ಕೂತರು.